ಪೋಲೊಗೆ ಐಬಾಕ್ ಪ್ರೊ-ಕಿಟ್: 30 ಮಿ.ಮೀ. ಇಳಿಸಿದರೆ ಸಾಕು

ಗಾಡಿಯ ಎತ್ತರ ಇಳಿಸಬೇಕು ಅನ್ನುವವರ ಕಣ್ಣು ಮೊದಲು ಹೋಗುವುದು ಟೈರಿಗೂ ಮೇಲಿನ ಕಮಾನಿಗೂ ನಡುವಿನ ಸಂದಿಗೆ. ಫೋಕ್ಸ್‌ವ್ಯಾಗನ್ ಪೋಲೊದಲ್ಲಿ ಆ ಸಂದು ದೊಡ್ಡದೇ. ನಮ್ಮ ರಸ್ತೆಗೆಂದು ಕಂಪನಿ ಎತ್ತರ ಕೊಟ್ಟದ್ದರಿಂದ ಅದು: ನೆಲದಿಂದ ಗಾಡಿಯ ಹೊಟ್ಟೆಗೆ ಸುಮಾರು 165 ಮಿ.ಮೀ. 2010ರಲ್ಲಿ ಇಲ್ಲಿ ಮಾರಾಟಕ್ಕೆ ಬಂದು 2022ರಲ್ಲಿ ನಿಂತುಹೋದ ಈ ಗಾಡಿ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಹ್ಯಾಂಡ್ಲಿಂಗ್ ಬೇಕೆನ್ನುವವರು ಇದನ್ನೇ ಹುಡುಕುತ್ತಾರೆ. ಅದಕ್ಕೆ ಹಾಕಬಹುದಾದ ಸ್ಪ್ರಿಂಗ್‌ಗಳಲ್ಲಿ ನೆಮ್ಮದಿಯಿಂದ ಶಿಫಾರಸು ಮಾಡಬಹುದಾದದ್ದು ಜರ್ಮನಿಯ ಐಬಾಕ್ ಕಂಪನಿಯ ಪ್ರೊ-ಕಿಟ್. ಆದರೆ ಒಂದು ಷರತ್ತು: ಶಾಕ್ ಅಬ್ಸಾರ್ಬರ್ ಗಟ್ಟಿಯಾಗಿರಬೇಕು. ಸತ್ತ ಶಾಕ್ ಮೇಲೆ ಎಷ್ಟು ಒಳ್ಳೆಯ ಸ್ಪ್ರಿಂಗ್ ಹಾಕಿದರೂ ದುಡ್ಡು ದಂಡ.

ಪೆಟ್ಟಿಗೆಯಲ್ಲಿ ಬರುವುದು ನಾಲ್ಕು ಸ್ಪ್ರಿಂಗ್, ಒಂದಿಷ್ಟು ಕಾಗದ, ಅಷ್ಟೆ. ಕೈಯಲ್ಲಿ ಹಿಡಿದು ನೋಡಿದರೆ ಸುರುಳಿಗಳ ಅಂತರ ಎಲ್ಲ ಕಡೆ ಒಂದೇ ಇಲ್ಲ. ಒಂದು ತುದಿಯಲ್ಲಿ ಒತ್ತೊತ್ತಾಗಿವೆ, ಉಳಿದ ಕಡೆ ಬಿಡಿಬಿಡಿಯಾಗಿವೆ. ಭಾರ ಬಿದ್ದಂತೆ ಒತ್ತಾದ ಸುರುಳಿಗಳು ಒಂದರ ಮೇಲೊಂದು ಕೂತು ಸುಮ್ಮನಾಗುತ್ತವೆ. ಆಮೇಲೆ ಕೆಲಸ ಮಾಡುವ ಸುರುಳಿಗಳ ಸಂಖ್ಯೆ ಕಡಿಮೆಯಾಗಿ ಸ್ಪ್ರಿಂಗ್ ಬಿಗಿಯಾಗುತ್ತದೆ. ಅಂದರೆ ಸಣ್ಣ ಏರಿಳಿತದಲ್ಲಿ ಮೆದು, ತಿರುವಿನಲ್ಲಿ ಗಾಡಿ ಒರಗುವಾಗ ಬಿಗಿ. ದಿನವೂ ಆಫೀಸಿಗೆ ಓಡಿಸುವ ಗಾಡಿಗೆ ಈ ಗುಣವೇ ಬೇಕು. ಇಳಿಯುವುದು 30 ಮಿ.ಮೀ. ಆಸುಪಾಸು. ಕೊಳ್ಳುವಾಗ ಎಂಜಿನ್ ಯಾವುದೆಂದು ನೋಡಿಯೇ ಕೊಳ್ಳಿ. ಮೂರು ಸಿಲಿಂಡರಿನ ಪೆಟ್ರೋಲ್ ಗಾಡಿಗಿಂತ 1.5 ಡೀಸೆಲ್‌ನ ಮುಂಭಾಗ ಭಾರ. ಹಗುರ ಗಾಡಿಯ ಸ್ಪ್ರಿಂಗ್ ಡೀಸೆಲ್‌ಗೆ ಹಾಕಿದರೆ ಮೂಗು ಕೆಳಗೆ ಕುಸಿಯುತ್ತದೆ, ಡೀಸೆಲ್‌ನದನ್ನು ಪೆಟ್ರೋಲ್‌ಗೆ ಹಾಕಿದರೆ ಇಳಿಯಬೇಕಾದಷ್ಟು ಇಳಿಯುವುದೇ ಇಲ್ಲ. ಸ್ಪ್ರಿಂಗ್ ಮೇಲೆ ಅಚ್ಚಾದ ನಂಬರನ್ನು ಕಂಪನಿಯ ಕ್ಯಾಟಲಾಗ್‌ನೊಂದಿಗೆ ತಾಳೆ ನೋಡಿದ ಮೇಲೆಯೇ ಹಣ ಕೊಡಿ.

30 ಸಾಕೇ, 50 ಇಳಿಸಿದರೆ ಇನ್ನೂ ಚೆನ್ನಲ್ಲವೇ ಎಂದು ಕೇಳುವವರು ಬಹಳ ಮಂದಿ. ಅಲ್ಲ. ಲೆಕ್ಕ ನೋಡಿ. ಗಾಡಿಯ ಗುರುತ್ವ ಕೇಂದ್ರ ನೆಲದಿಂದ ಸುಮಾರು 55 ಸೆಂ.ಮೀ. ಮೇಲಿದೆ ಎಂದಿಟ್ಟುಕೊಂಡರೆ, 3 ಸೆಂ.ಮೀ. ಇಳಿಸಿದಾಗ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಸರಿಯುವ ಭಾರ ಕಡಿಮೆಯಾಗುವುದು ನೂರಕ್ಕೆ ಐದಾರು ಪಾಲು ಮಾತ್ರ. ಲಾಭ ಇದೆ, ಆದರೆ ಬರೀ ಎತ್ತರದಿಂದ ಸಿಗುವುದು ಅಷ್ಟೇ. ಉಳಿದದ್ದೆಲ್ಲ ಸ್ಪ್ರಿಂಗ್‌ನ ಬಿಗಿಯಿಂದ ಬರುವುದು.

ಇನ್ನೂ ಇಳಿಸಿದರೆ ಬೇರೆ ತೊಂದರೆ ಶುರುವಾಗುತ್ತದೆ. ಪೋಲೊದ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ. ಅದರ ಲೋವರ್ ಆರ್ಮ್ (ಬಾಡಿಯಿಂದ ಚಕ್ರಕ್ಕೆ ಹೋಗುವ ಕೆಳಗಿನ ತೋಳು) ಚಕ್ರದ ಕಡೆಗೆ ತುಸು ಇಳಿಜಾರಾಗಿರುತ್ತದೆ, 30 ಮಿ.ಮೀ. ಇಳಿದಾಗ ಹೆಚ್ಚುಕಡಿಮೆ ಮಟ್ಟಸವಾಗುತ್ತದೆ. ಅದಕ್ಕೂ ಮೀರಿ ಇಳಿಸಿದರೆ ಆರ್ಮ್ ಚಕ್ರದ ಕಡೆಗೆ ಏರುತ್ತದೆ. ಆಗ ಬಾಡಿ ಯಾವ ಬಿಂದುವನ್ನು ಹಿಡಿದು ಒರಗುತ್ತದೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ದೂರ ಹೆಚ್ಚಿ, ಗಾಡಿಯನ್ನು ಒರಗಿಸುವ ಸನ್ನೆಯೇ ಉದ್ದವಾಗುತ್ತದೆ. ನೋಡಲು ನೆಲ ಕಚ್ಚಿಕೊಂಡಿರುವ ಗಾಡಿ ಚಾರ್ಮಾಡಿ ಘಾಟಿಯಲ್ಲಿ ಮೊದಲಿಗಿಂತ ಹೆಚ್ಚು ವಾಲುವುದು ಇದೇ ಕಾರಣಕ್ಕೆ.

ಸ್ಪ್ರಿಂಗ್ ಕತ್ತರಿಸುವ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಬಜೆಟ್ ಅಂದಕೂಡಲೇ ಅನೇಕ ಗ್ಯಾರೇಜ್‌ಗಳಲ್ಲಿ ಗ್ರೈಂಡರ್ ಹೊರಗೆ ಬರುತ್ತದೆ. ಆರು ಸುರುಳಿ ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದನ್ನು ತೆಗೆದರೆ ಬಿಗಿ ನೂರಕ್ಕೆ 20ರಷ್ಟು ಏರುತ್ತದೆ. ಅದೇ ಸಾಕಲ್ಲ ಎನಿಸಬಹುದು. ಆದರೆ ತುದಿಯ ಆಕಾರ ಹಾಳಾಗಿ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಪೋಲೊದ ಹಿಂದೆ ಇರುವುದು ಟಾರ್ಷನ್ ಬೀಮ್ (ಎರಡೂ ಚಕ್ರ ಜೋಡಿಸುವ ತೊಲೆ), ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಸ್ಪ್ರಿಂಗ್ ಬೀಮಿಗೂ ಬಾಡಿಗೂ ನಡುವೆ ರಬ್ಬರ್ ಪ್ಯಾಡ್ ಮೇಲೆ ಒತ್ತಡದಲ್ಲಿ ಮಾತ್ರ ನಿಂತಿರುತ್ತದೆ. ಕತ್ತರಿಸಿ ಗಿಡ್ಡ ಮಾಡಿದರೆ, ಗುಂಡಿ ಹಾರಿ ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಹೊರಗೆ ಬರಬಹುದು. ಗ್ಯಾಸ್ ಕಟರ್‌ನಲ್ಲಿ ಕೆಂಪಗೆ ಕಾಯಿಸಿ ಕೂರಿಸುವುದು ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗುತ್ತದೆ. ದುಡ್ಡಿಲ್ಲದಿದ್ದರೆ ಗಾಡಿ ಇದ್ದ ಎತ್ತರದಲ್ಲೇ ಇರಲಿ. ಒಳ್ಳೆಯ ಟೈರ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸಿ. ಕತ್ತರಿಸಿದ ಸ್ಪ್ರಿಂಗಿಗಿಂತ ಅದು ನೂರು ಪಾಲು ಮೇಲು.

ಇನ್ನು ಕೂರಿಸುವ ಕೆಲಸ. ಬಿಚ್ಚುವ ಮೊದಲೇ ನಾಲ್ಕೂ ಚಕ್ರಗಳಲ್ಲಿ ಹಬ್‌ನ ನಡುವಿನಿಂದ ಕಮಾನಿನ ಅಂಚಿನವರೆಗೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಮುಂದಿನ ಸ್ಟ್ರಟ್ ಕೆಳಗೆ ನಕಲ್‌ನ (ಚಕ್ರದ ಹಬ್ ಹಿಡಿದಿರುವ ಲೋಹದ ತುಂಡು) ಸೀಳು ಕಾಲರ್ ಒಳಗೆ ಕೂತು ಬೋಲ್ಟ್‌ನಿಂದ ಬಿಗಿದಿರುತ್ತದೆ. ಬೋಲ್ಟ್ ತೆಗೆದ ಮೇಲೂ ಅದು ಸುಲಭಕ್ಕೆ ಬರುವುದಿಲ್ಲ, ಸೀಳನ್ನು ತುಸು ಅಗಲಿಸುವ ಸ್ಪ್ರೆಡರ್ ಟೂಲ್ ಬೇಕು. ಅದಿಲ್ಲದೆ ಸುತ್ತಿಗೆಯಲ್ಲಿ ಬಡಿದರೆ ಪೆಟ್ಟು ಬೇರಿಂಗ್‌ಗೂ ಬಾಲ್ ಜಾಯಿಂಟ್‌ಗೂ ಹೋಗುತ್ತದೆ. ಸ್ಪ್ರಿಂಗ್ ಕಂಪ್ರೆಸರ್‌ನ ಎರಡೂ ಕೊಕ್ಕೆ ಎದುರುಬದುರಾಗಿ ಕೂರಬೇಕು, ಸಮನಾಗಿ ಬಿಗಿಯಬೇಕು. ಒತ್ತಿದ ಸ್ಪ್ರಿಂಗ್ ಜಾರಿದರೆ ಕೈಕಾಲು ಮುರಿಯುವಷ್ಟು ಬಲ ಅದರಲ್ಲಿರುತ್ತದೆ. ಮೇಲಿನ ನಟ್ಟನ್ನು ಇಂಪ್ಯಾಕ್ಟ್ ಗನ್ನಿಂದ ಬಿಗಿಯಲು ಬಿಡಬೇಡಿ. ಶಾಕ್ ರಾಡ್ ಗಿರಗಿರ ತಿರುಗಿ ಒಳಗಿನ ಸೀಲ್ ಕೆಡುತ್ತದೆ. ಆಲನ್ ಕೀಯಲ್ಲಿ ರಾಡ್ ಹಿಡಿದು ಕೈಯಿಂದಲೇ ಬಿಗಿಯಿಸಿ.

ಸ್ಟ್ರಟ್ ಬಿಚ್ಚಿದಾಗಲೇ ಶಾಕ್ ಪರೀಕ್ಷಿಸಿ. ಬಾನೆಟ್ ಒತ್ತಿ ಕುಣಿಸಿ ನೋಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಬರಿಯ ಶಾಕನ್ನು ನೆಟ್ಟಗೆ ನಿಲ್ಲಿಸಿ ರಾಡನ್ನು ನಿಧಾನವಾಗಿ ಕೆಳಗೊತ್ತಿ, ಮೇಲೆಳೆಯಿರಿ. ಉದ್ದಕ್ಕೂ ಒಂದೇ ಸಮ ತಡೆ ಸಿಗಬೇಕು. ನಡುವೆ ಎಲ್ಲಾದರೂ ಒಂದೆರಡು ಸೆಂ.ಮೀ. ಟೊಳ್ಳಾಗಿ ಜಾರಿದರೆ, ಅಥವಾ ರಾಡಿನ ಬುಡದಲ್ಲಿ ಎಣ್ಣೆ ಹರಿದು ಮಣ್ಣು ಮೆತ್ತಿಕೊಂಡಿದ್ದರೆ ಅದರ ಆಯಸ್ಸು ಮುಗಿಯಿತು. 60-70 ಸಾವಿರ ಕಿ.ಮೀ. ಓಡಿದ ಗಾಡಿಯಲ್ಲಿ ಶಾಕ್, ಟಾಪ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿಯುವ ತುಂಡು), ಅದರ ಬೇರಿಂಗ್, ಬಂಪ್ ಸ್ಟಾಪ್ (ಚಕ್ರ ತೀರಾ ಮೇಲೇಳದಂತೆ ತಡೆಯುವ ರಬ್ಬರ್) ಎಲ್ಲವನ್ನೂ ಸ್ಪ್ರಿಂಗ್ ಜೊತೆಗೇ ಬದಲಿಸಿ. ಕೆಲಸ ಒಂದೇ, ಮಜೂರಿ ಒಂದೇ ಸಲ. ಬಿಲ್‌ಸ್ಟೈನ್ ಕಂಪನಿಯ ಶಾಕ್ ಕೊಳ್ಳುವವರು ಗೊಂದಲ ಮಾಡಿಕೊಳ್ಳಬೇಡಿ: ಬಿ4 ಮೂಲ ಶಾಕ್‌ನ ಬದಲಿಗೆ, ಬಿ6 ಮೂಲದಷ್ಟೇ ಉದ್ದ ಆದರೆ ಬಿಗಿ, ಬಿ8 ಇಳಿಸಿದ ಗಾಡಿಗೆಂದೇ ಗಿಡ್ಡ ಮಾಡಿದ್ದು. 30 ಮಿ.ಮೀ. ಇಳಿಕೆಗೆ ಆರೋಗ್ಯವಾಗಿರುವ ಕಂಪನಿ ಶಾಕ್ ಸಾಕಾಗುತ್ತದೆ.

ಬಂಪ್ ಸ್ಟಾಪ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಇಳಿಸಿದ ಗಾಡಿಯ ನಡವಳಿಕೆ ಅರ್ಧ ಅದರ ಕೈಯಲ್ಲಿದೆ. ಚಕ್ರ ಮೇಲೇಳಲು ಇದ್ದ ಜಾಗದಲ್ಲಿ 30 ಮಿ.ಮೀ. ಈಗಾಗಲೇ ಖರ್ಚಾಗಿದೆ. ಹಾಗಾಗಿ ರಬ್ಬರ್ ಬೇಗ ತಾಗುತ್ತದೆ. ತಿರುವಿನ ನಡುವೆ ತಾಗಿದರೆ ಆ ಮೂಲೆ ಒಮ್ಮೆಲೇ ಕಲ್ಲಿನಂತಾಗಿ ಹಿಡಿತ ತಪ್ಪುತ್ತದೆ. ಪುಡಿಪುಡಿಯಾದ ಹಳೆಯ ಬಂಪ್ ಸ್ಟಾಪ್ ಖಂಡಿತ ಬೇಡ. ಕಿಟ್‌ನ ಸೂಚನೆಯಲ್ಲಿ ಇಷ್ಟು ಕತ್ತರಿಸಿ ಎಂದಿದ್ದರೆ ಅಷ್ಟೇ ಕತ್ತರಿಸಿ, ಇಲ್ಲದಿದ್ದರೆ ಮುಟ್ಟಬೇಡಿ.

ಬಹುತೇಕ ಗ್ಯಾರೇಜ್‌ಗಳು ತಪ್ಪುವುದು ಕೊನೆಯ ಹಂತದಲ್ಲಿ. ಲೋವರ್ ಆರ್ಮ್‌ನ ಬುಷ್ (ಆರ್ಮ್ ಬಾಡಿಗೆ ಸೇರುವಲ್ಲಿನ ರಬ್ಬರ್ ಕೀಲು), ಹಿಂದಿನ ಬೀಮ್‌ನ ಬುಷ್ ಎರಡರಲ್ಲೂ ರಬ್ಬರ್ ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಹಳೆಯ ಎತ್ತರದಲ್ಲಿ ಬಿಗಿದದ್ದನ್ನು ಹಾಗೇ ಬಿಟ್ಟರೆ, ಹೊಸ ಎತ್ತರದಲ್ಲಿ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಕೆಲವು ತಿಂಗಳಲ್ಲಿ ಸೀಳು ಬಿಟ್ಟು ಟಕ್ ಟಕ್ ಸದ್ದು ಶುರು. ಆ ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದಿರುವಾಗ, ಅಂದರೆ ರ‍್ಯಾಂಪ್ ಅಥವಾ ಪಿಟ್ ಮೇಲೆ, ಟಾರ್ಕ್ ರೆಂಚ್‌ನಲ್ಲಿ ಬಿಗಿಯಿಸಿ. ಇಷ್ಟು ಡಿಗ್ರಿ ತಿರುಗಿಸಬೇಕು ಎಂಬ ಲೆಕ್ಕದಲ್ಲಿ ಬಿಗಿಯುವ ಬೋಲ್ಟ್‌ಗಳು ಒಮ್ಮೆ ಹಿಗ್ಗಿದವು, ಅವನ್ನು ಹೊಸದೇ ಹಾಕಬೇಕು. ಚಕ್ರದ ಬೋಲ್ಟ್‌ಗೆ 120 ನ್ಯೂಟನ್ ಮೀಟರ್.

ಸ್ಪ್ರಿಂಗ್ ಪೂರ್ತಿ ಕೂರಲು ಕೆಲವು ನೂರು ಕಿ.ಮೀ. ಓಡಬೇಕು. ಕೂರಿಸಿದ ದಿನ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿಪಡಿಸಿಕೊಳ್ಳಿ, 500 ಕಿ.ಮೀ. ಆದ ಮೇಲೆ ಪೂರ್ತಿ ಅಲೈನ್‌ಮೆಂಟ್ ಮಾಡಿಸಿ. ಇದಕ್ಕೆ ಸಾವಿರ ರೂಪಾಯಿಯೂ ಆಗುವುದಿಲ್ಲ, ಆದರೂ ಜನ ಬಿಡುವುದು ಇದನ್ನೇ. 185/60 ಆರ್15 ಟೈರಿನ ವ್ಯಾಸ ಸುಮಾರು 60 ಸೆಂ.ಮೀ. ಒಂದು ಚಕ್ರ ಆ ಅಗಲಕ್ಕೆ 3 ಮಿ.ಮೀ. ಸೊಟ್ಟಗಿದ್ದರೆ ಪ್ರತಿ ಕಿಲೋಮೀಟರಿಗೆ 5 ಮೀಟರ್ ಅಡ್ಡಡ್ಡ ಉಜ್ಜಿಕೊಂಡು ಹೋದಂತೆ. ಹೊಸ ಟೈರ್ ಒಳ ಅಂಚಿನಲ್ಲಿ ಬೋಳಾಗಲು ಇನ್ನೇನು ಬೇಕು? ಮುಂದೆ ಟೋ ಹೊಂದಿಸಬಹುದು. ಕ್ಯಾಂಬರ್‌ಗೆ, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನಕ್ಕೆ, ಪ್ರತ್ಯೇಕ ಹೊಂದಾಣಿಕೆ ಇಲ್ಲ, ಹಿಂದಿನ ಬೀಮ್‌ಗೂ ಇಲ್ಲ. ಹೆಡ್‌ಲೈಟ್ ಕೋನವನ್ನೂ ಅದೇ ದಿನ ಗೋಡೆಗೆ ಬಿಟ್ಟು ಸರಿಮಾಡಿ.

ರಸ್ತೆಯಲ್ಲಿ ಏನು ಬದಲಾಗುತ್ತದೆ ಅಂದರೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಗಾಡಿ ಒರಗಿ, ಆಮೇಲೆ ತಿರುಗುವ ಆ ಅರೆಕ್ಷಣದ ತಡ ಕಡಿಮೆಯಾಗುತ್ತದೆ. ಆಗುಂಬೆಯ 14 ತಿರುವುಗಳಂಥ ಜಾಗದಲ್ಲಿ, ಎಡದಿಂದ ಬಲಕ್ಕೆ ಭಾರ ಬದಲಾಗುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಬ್ರೇಕ್ ಒತ್ತಿದಾಗ ಮೂಗು ತಗ್ಗುವುದೂ ಕಡಿಮೆ. ಹೆದ್ದಾರಿಯ ಸೇತುವೆ ಜಾಯಿಂಟ್‌ಗಳಲ್ಲಿ ಮಾತ್ರ ಮೊದಲಿಗಿಂತ ಗಡುಸು ಪೆಟ್ಟು ಕೇಳಿಸುತ್ತದೆ. ಅದನ್ನು ಒಪ್ಪಿಕೊಳ್ಳಬೇಕು.

ಹಂಪ್‌ಗಳ ಭಯ ಎಲ್ಲರಿಗೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ್ದು. ಪೋಲೊದ ವೀಲ್‌ಬೇಸ್ ಸುಮಾರು 2.46 ಮೀಟರ್. ಅಂಥ ಹಂಪ್‌ನ ಮೇಲೆ ನಾಲ್ಕೂ ಚಕ್ರ ಹತ್ತಿದಾಗ, ಗಾಡಿಯ ನಡು ಕೆಳಗೆ ನೆಲ ಉಬ್ಬಿರುವುದು ನಾಲ್ಕೂವರೆ ಸೆಂ.ಮೀ. ಮಾತ್ರ. ಇಳಿಸಿದ ಮೇಲೆ ಹೊಟ್ಟೆ ಹದಿಮೂರೂವರೆ ಸೆಂ.ಮೀ. ಎತ್ತರದಲ್ಲಿರುವ ಗಾಡಿ ಆರಾಮಾಗಿ ದಾಟುತ್ತದೆ. ತೊಂದರೆ ಕೊಡುವುದು ಬಡಾವಣೆಗಳಲ್ಲಿ ರಾತ್ರೋರಾತ್ರಿ ಸುರಿದ ಡಾಂಬರು ಗುಡ್ಡೆ. ಅಗಲ ಒಂದೆರಡು ಅಡಿ, ಎತ್ತರ 15 ಸೆಂ.ಮೀ. ಇದ್ದರೆ, ಮುಂದಿನ ಚಕ್ರ ಆಚೆ, ಹಿಂದಿನದು ಈಚೆ ಇರುವಾಗ ಆ ಪೂರ್ತಿ ಎತ್ತರ ಹೊಟ್ಟೆಗೆ ಬರುತ್ತದೆ. ಓರೆಯಾಗಿ ಹತ್ತಿಸಿ, ಒಂದೊಂದೇ ಚಕ್ರ ಏರಿಸಿದರೆ ಸ್ವಲ್ಪ ಉಸಿರು ಸಿಗುತ್ತದೆ. ನಿಮ್ಮ ದಿನದ ದಾರಿಯಲ್ಲಿ ಇಂಥವು ನಾಲ್ಕೈದು ಇದ್ದು, ಗಾಡಿಯಲ್ಲಿ ಯಾವಾಗಲೂ ಐದು ಜನ ಕೂರುವುದಾದರೆ ಈ ಕಿಟ್ ನಿಮಗಲ್ಲ.

ಕಾನೂನಿನ ಮಾತು ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಆರ್‌ಸಿಯಲ್ಲಿನ ವಿವರ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸ್ಪ್ರಿಂಗ್ ಜೊತೆ ಬರುವ ಜರ್ಮನಿಯ ಪ್ರಮಾಣಪತ್ರಕ್ಕೆ ಇಲ್ಲಿ ಬೆಲೆ ಇಲ್ಲ. ಸ್ಪ್ರಿಂಗ್ ಕೊಳ್ಳುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಹಳೆಯ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕದೆ ಮನೆಯಲ್ಲೇ ಇಡಿ.

ಖರ್ಚಿನ ಸರದಿ ಹೀಗಿರಲಿ: ಮೊದಲು ಟೈರ್, ಆಮೇಲೆ ಶಾಕ್ ಮತ್ತು ಬುಷ್, ಆಮೇಲೆ ಈ ಸ್ಪ್ರಿಂಗ್. ಟೈರ್ 195/55 ಆರ್15ಕ್ಕೆ ಹೋದರೆ ಪಕ್ಕದ ಗೋಡೆ ಗಿಡ್ಡವಾಗಿ ಸ್ಟೀರಿಂಗ್ ಇನ್ನೂ ಚುರುಕಾಗುತ್ತದೆ, ಗಾಡಿ 4 ಮಿ.ಮೀ. ಇಳಿಯುತ್ತದೆ ಅಷ್ಟೆ. ಗಾಳಿ ಎಷ್ಟಿರಬೇಕೆಂದು ಪೆಟ್ರೋಲ್ ಮುಚ್ಚಳದ ಹತ್ತಿರದ ಸ್ಟಿಕರ್ ನೋಡಿ. ಕಾಯಿಲೋವರ್ (ಬೇಕಾದಂತೆ ಎತ್ತರ ಹೊಂದಿಸುವ ಸಸ್ಪೆನ್ಷನ್ ಸೆಟ್) ಆಸೆ ಇದ್ದರೆ ಹೆಸರಿಲ್ಲದ ಅಗ್ಗದ್ದು ಕೊಳ್ಳಬೇಡಿ. ಅದಕ್ಕಿಂತ ಒಳ್ಳೆಯ ಸ್ಪ್ರಿಂಗ್, ಒಳ್ಳೆಯ ಶಾಕ್ ಜೋಡಿಯೇ ವಾಸಿ.

ಎರಡು ಸಾವಿರ ಕಿ.ಮೀ. ಓಡಿದ ಮೇಲೆ ಮುಂದಿನ ಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಮತ್ತೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗರ ಅನಿಸಿದರೆ ಟೋ ತಪ್ಪಿದೆ. ಅವತ್ತೇ ಅಲೈನ್‌ಮೆಂಟ್‌ಗೆ ಕೊಡಿ.