ಫ್ಯಾಕ್ಟ್ ಬಟನ್ ಇರುವ ಕ್ಯಾಲ್ಕುಲೇಟರ್: ಆ ಬ್ರಾಕೆಟ್ ಒಂದು ಬಿಟ್ಟರೆ ಚೆನ್ನಾಗಿದೆ

ಇಂಜಿನಿಯರಿಂಗ್ ಹುಡುಗರ ಬ್ಯಾಗಲ್ಲಿ ಇರುತ್ತಲ್ಲ, ಆ ಸೈಂಟಿಫಿಕ್ ಕ್ಯಾಲ್ಕುಲೇಟರ್. ಮಡಿಕೇರಿಯ ಒಂದು ಸ್ಟೇಷನರಿ ಅಂಗಡಿಯಿಂದ ಮಗಳಿಗೆ ತಂದುಕೊಟ್ಟೆ. ಸೈನ್, ಕಾಸ್, ಮ್ಯಾಟ್ರಿಕ್ಸ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಹೇಳೋದು ಫ್ಯಾಕ್ಟ್ ಬಟನ್ ಬಗ್ಗೆ ಮಾತ್ರ. ಸಂಖ್ಯೆ ಹಾಕಿ ಈಕ್ವಲ್ ಒತ್ತಿ, ಆಮೇಲೆ ಶಿಫ್ಟ್ ಒತ್ತಿ ಫ್ಯಾಕ್ಟ್ ಒತ್ತಿದರೆ ಸಂಖ್ಯೆಯನ್ನು ಅವಿಭಾಜ್ಯಗಳಾಗಿ, ಅಂದರೆ 1 ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳಾಗಿ, ಒಡೆದು ತೋರಿಸುತ್ತದೆ. 10 ಅಂಕಿವರೆಗೆ.

ಮೊದಲು ನಮ್ಮ ಪಿನ್‌ಕೋಡ್ ಹಾಕಿದೆವು, 571201. ಅದೇ 571201 ವಾಪಸ್ ಬಂತು. ಅಂದರೆ ಮಡಿಕೇರಿ ಪಿನ್‌ಕೋಡ್ ಅವಿಭಾಜ್ಯ! ಅದರ ಹಿಂದಿನ 571200 ನೋಡಿ, 2⁶ × 3 × 5² × 7 × 17, ಪೂರ್ತಿ ಪುಡಿಪುಡಿ. ಒಂದು ಕೂಡಿಸಿದ್ದೇ ತಡ, ಯಾರಿಗೂ ಬಗ್ಗಲ್ಲ. ವಿರಾಜಪೇಟೆಯ 571218 ಸಮಸಂಖ್ಯೆ, ಅಲ್ಲಿ ಆಸೆಯೇ ಇಲ್ಲ, 2 × 3 × 95203. ಬೇಜಾರು ಮಾಡ್ಕೋಬೇಡಿ.

ಕಿರಿಕಿರಿ ಶುರುವಾಗೋದು ಇನ್ನೂ ದೊಡ್ಡ ಸಂಖ್ಯೆಗೆ. 1234567890 ಹಾಕಿದರೆ 2 × 3² × 5 × (13717421) ಅಂತ ಬರುತ್ತದೆ. ಬ್ರಾಕೆಟ್ ಯಾಕಪ್ಪಾ ಅಂದರೆ, ಇದು ಭಾಗಿಸಿ ನೋಡೋದು ಮೂರಂಕಿಯ ಅವಿಭಾಜ್ಯಗಳವರೆಗೆ ಅಷ್ಟೇ. ಕೊನೆಯದು 997, ಅದರ ಮುಂದಿನದು 1009. ಹಾಗಾಗಿ ಉಳಿದ ಭಾಗ 1009ರ ವರ್ಗಕ್ಕಿಂತ, ಅಂದರೆ 1018081ಕ್ಕಿಂತ ಚಿಕ್ಕದಿದ್ದರೆ ಅದು ಖಂಡಿತ ಅವಿಭಾಜ್ಯ, ಬ್ರಾಕೆಟ್ ಬರಲ್ಲ. ಪಿನ್‌ಕೋಡ್ ಉತ್ತರವನ್ನು ಅದಕ್ಕೇ ನಂಬಿದ್ದು. ಅದಕ್ಕಿಂತ ದೊಡ್ಡದು ಉಳಿದರೆ ಬ್ರಾಕೆಟ್ ಹಾಕಿ ಕೈತೊಳೆದುಕೊಳ್ಳುತ್ತದೆ. 13717421 ನಿಜಕ್ಕೂ ಒಡೆಯುತ್ತದೆ, 3607 × 3803. ಆದರೆ 2147483647ಕ್ಕೂ ಅದೇ ಬ್ರಾಕೆಟ್! ಇದು 2³¹ − 1, ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ 1772ರಲ್ಲೇ, ಅದೂ ಕಣ್ಣು ಹೆಚ್ಚುಕಡಿಮೆ ಹೋಗಿದ್ದ ಕಾಲದಲ್ಲಿ ತೋರಿಸಿದ್ದ. ಎರಡಕ್ಕೂ ಒಂದೇ ಗುರುತು ಹಾಕಿದರೆ ಮಕ್ಕಳು ಏನಂತ ತಿಳ್ಕೋಬೇಕು?

ಆದರೂ 4294967297 ಹಾಕಿ ನೋಡಿ, ಖುಷಿಯಾಗುತ್ತದೆ. ಇದು 2³² + 1. ಅವಿಭಾಜ್ಯವೇ ಇರಬೇಕು ಅಂತ ಇನ್ನೊಬ್ಬ ಗಣಿತಜ್ಞ ಫರ್ಮಾ ಅಂದುಕೊಂಡಿದ್ದ, 1732ರಲ್ಲಿ ಆಯ್ಲರ್ ಅದನ್ನು ಮುರಿದ. ಸ್ಕ್ರೀನ್ ಮೇಲೆ 641 × (6700417) ಬರುತ್ತದೆ, ಆ ಬ್ರಾಕೆಟ್ಟಿನೊಳಗಿರೋದೂ ಅವಿಭಾಜ್ಯವೇ. ಕೈಯಲ್ಲೂ ಮಾಡಬಹುದು: ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಆದರೂ 64ರ ಮಗ್ಗಿಯ ಸಂಖ್ಯೆಗೆ ಒಂದು ಕೂಡಿಸಿದ್ದೇ ಆಗಿರಬೇಕು. ಹಾಗೆ ಹುಡುಕಿದರೆ 193, 257, 449, 577, ಐದನೆಯದೇ 641. ಮಗಳು ಇದನ್ನು ಬಟನ್ ಮುಟ್ಟದೆ ಮಾಡಿದಳು, ನಾನು ಕೊಟ್ಟ ದುಡ್ಡು ಅಲ್ಲಿಗೇ ವಸೂಲಾಯಿತು.

ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಇಲ್ಲದಾಗಲೂ ನಡೆಯುತ್ತದೆ, ಅದು ನಮ್ಮ ಕಡೆ ಸಣ್ಣ ಮಾತಲ್ಲ. ಸಿಇಟಿಗೆ ಮಾತ್ರ ಒಳಗೆ ಬಿಡಲ್ಲ, ಅದಕ್ಕೋಸ್ಕರ ಅಂತ ಕೊಳ್ಳಬೇಡಿ. ಇನ್ನೊಂದು, ಎಲ್ಲ ಮಾದರಿಗಳಲ್ಲೂ ಫ್ಯಾಕ್ಟ್ ಇರಲ್ಲ. ಅಂಗಡಿಯವರನ್ನು ಕೇಳಿದರೆ ಎಲ್ಲಾ ಇದೆ ಅಂತಾರೆ, ಡಬ್ಬಿ ಬಿಚ್ಚಿಸಿ ಬಟನ್ ಕಣ್ಣಾರೆ ನೋಡಿಯೇ ದುಡ್ಡು ಕೊಡಿ.