ಹೆಂಚಿನ ಮೇಸ್ತ್ರಿ ಕೆಲಸ: ಮಾಡು ಪೂರ್ತಿ ತೆಗೀಬೇಕಾ, ರಿಪೇರಿ ಸಾಕಾ?

ಈ ಮೇಸ್ತ್ರಿಗೆ ಅಂಗಡಿ ಇಲ್ಲ, ಬೋರ್ಡು ಇಲ್ಲ, ಕಾರ್ಡೂ ಇಲ್ಲ. ಹೊಸನಗರದ ಕಡೆ ಹಳೇ ಹೆಂಚಿನ ಮನೆ ಇರುವವರು ಒಬ್ಬರಿಂದೊಬ್ಬರು ನಂಬರ್ ಇಸ್ಕೊಂಡು ಕರೆಸುತ್ತಾರೆ, ಅಷ್ಟೇ. ಅವರನ್ನು ಕೇಳದೆ ಹೆಸರು ಹಾಕುವುದು ಸರಿಯಲ್ಲ, ಹಾಗಾಗಿ ಹಾಕುತ್ತಿಲ್ಲ. ಆದರೆ ಅವರು ಮಾಡು, ಅಂದರೆ ಮನೆಯ ಛಾವಣಿ, ನೋಡಿದ ಕ್ರಮ ಬರೆಯಲೇಬೇಕು. ಮನೆ ಸೋರುತ್ತದೆ ಅಂದರೆ ಸಾಕು, ಈಗ ಎಲ್ಲರದ್ದೂ ಒಂದೇ ಮಾತು: "ಹೆಂಚು ತೆಗೆಸಿ ಶೀಟ್ ಹಾಕಿಸಿಬಿಡಿ."

ನಮ್ಮದು ಮಾವನವರ ಅಪ್ಪ ಕಟ್ಟಿಸಿದ ಮನೆ. ಮಂಗಳೂರು ಹೆಂಚು, ಒಳಗೆ ಅಟ್ಟ. ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ದೇವರ ಕೋಣೆ ಗೋಡೆ ಮೇಲೆ ನೀರಿಳಿಯಿತು. ಊಟದ ಮನೆಯಲ್ಲೂ ತೊಟ್ಟಿಕ್ಕುತ್ತಿತ್ತು. ಜಗುಲಿಯ ಕಥೆ ಹೇಳುವುದೇ ಬೇಡ. ಪಾತ್ರೆ ಇಟ್ಟು, ತುಂಬಿದ್ದನ್ನು ಚೆಲ್ಲಿ ಅತ್ತೆಗೆ ಸಾಕುಬೇಕಾಗಿತ್ತು.

ಮೊದಲು ಶೀಟ್ ಹಾಕುವ ಕಂಪನಿಯೊಂದರವರು ಬಂದಿದ್ದರು. ಅಂಗಳದಲ್ಲೇ ನಿಂತು ಟೇಪು ಹಿಡಿದರು, ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದರು, ಚದರಡಿಗೆ ಇಷ್ಟು ಅಂತ ಲೆಕ್ಕ ಹೇಳಿದರು. "ಒಳಗೆ ಮರ ಹೇಗಿದೆ ನೋಡಲ್ವಾ?" ಅಂತ ಕೇಳಿದೆ. "ಅದನ್ನೆಲ್ಲಾ ತೆಗೆದೇ ಬಿಡ್ತೀವಲ್ಲ ಮೇಡಂ" ಅಂದರು. ಅಷ್ಟಕ್ಕೇ ನಮ್ಮನೆಯವರು ಕಾಫಿ ಕೊಟ್ಟು ಕಳಿಸಿದರು.

ಮೇಸ್ತ್ರಿ ಬಂದವರು ಏಣಿ ಕೇಳಲೇ ಇಲ್ಲ. ಅಂಗಳದ ಆ ತುದಿಗೆ, ಅಡಿಕೆ ಚಪ್ಪರ ದಾಟಿ ಹೋಗಿ ನಿಂತರು. ಕಣ್ಣು ಕಿರಿದು ಮಾಡಿ ಮಾಡಿನ ನೆತ್ತಿ ನೋಡಿದರು. ನೆತ್ತಿ ಒಂದೇ ಗೆರೆಯಲ್ಲಿದ್ದರೆ ಒಳಗಿನ ಮರ ಭಾರ ಹೊತ್ತುಕೊಂಡಿದೆ ಅಂತ. ನಡುವೆ ಕುಸಿದಿದ್ದರೆ ಹೆಂಚು ಬದಲಾಯಿಸಿ ಪ್ರಯೋಜನವಿಲ್ಲ, ಮರದ ಕೆಲಸ ಇದೆ ಅಂತ. ನಮ್ಮ ನೆತ್ತಿ ನೇರ ಇತ್ತು. ಹಿಂಭಾಗದಲ್ಲಿ, ಬಚ್ಚಲು ಒಲೆ ಇರುವ ಕಡೆ, ಸೂರಿನ ಸಾಲು ಮಾತ್ರ ಅಲೆ ಅಲೆಯಾಗಿತ್ತು. ಇಷ್ಟು ವರ್ಷ ಅದರ ಕೆಳಗೇ ಬಟ್ಟೆ ಒಣ ಹಾಕಿದ್ದೇನೆ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ಅಟ್ಟ. ನಡು ಮಧ್ಯಾಹ್ನವೇ ಬೇಕು ಅಂದರು. ಹತ್ತಿದ ಮೇಲೆ ಬಲ್ಬು ಆರಿಸಿಸಿದರು. ಕತ್ತಲಲ್ಲಿ ಅಲ್ಲಲ್ಲಿ ಬೆಳಕಿನ ಚುಕ್ಕೆ ಕಂಡವು. ನನಗೆ ಗಾಬರಿ. "ಅಮ್ಮ, ಬೆಳಕು ಬಂದ್ರೆ ಹೆದರ್ಬೇಡಿ. ಹೆಂಚಿನ ಸಂದಲ್ಲಿ ಗಾಳಿ ಆಡ್ಬೇಕು, ಅದಕ್ಕೇ ಮನೆ ತಂಪು. ನೀರಿನ ಕಲೆ ಎಲ್ಲಿದೆ ನೋಡಿ" ಅಂದರು. ಮತ್ತೆ ಟಾರ್ಚು ಹಿಡಿದು ದೇವರ ಕೋಣೆ ಮೇಲಿನ ಕಲೆಯಿಂದ ಶುರುಮಾಡಿದರು. ರೀಪಿನ (ಹೆಂಚು ಕೂರುವ ಅಡ್ಡ ಪಟ್ಟಿ) ಮೇಲಿನ ಕಪ್ಪು ಗೆರೆ, ಅಲ್ಲಿಂದ ಪಕಾಸಿ (ರೀಪು ಹೊರುವ ಇಳಿಜಾರು ಮರ), ಪಕಾಸಿ ಗುಂಟ ಮೇಲೆ ಮೇಲೆ ಹೋಗಿ ಎರಡು ಮಾಡು ಕೂಡುವ ಮೂಲೆಗೆ ಬಂದರು. ಅಲ್ಲಿ ನೀರು ಹರಿದುಹೋಗಲು ಹಾಕಿದ ತಗಡಿನ ದೋಣಿ ತುಕ್ಕು ಹಿಡಿದು ತೂತಾಗಿತ್ತು. ಮೇಲೆ ಹಲಸಿನ ಎಲೆ, ಮಣ್ಣು ಕೂತು ನೀರು ಕಟ್ಟುತ್ತಿತ್ತು. ಗೋಡೆಯ ನೆತ್ತಿಯ ಮೇಲೆ ಒಂದು ಹೆಂಚೂ ಒಡೆದಿರಲಿಲ್ಲ! ನೀರು ಒಳಗೆ ಬಂದ ಜಾಗ ಅಲ್ಲೆಲ್ಲೋ, ಇಳಿದ ಜಾಗ ಇಲ್ಲಿ.

ಮರ ನೋಡಿದ್ದು ಸಣ್ಣ ಸ್ಕ್ರೂಡ್ರೈವರಿನಲ್ಲಿ. ಪಕಾಸಿ ಗೋಡೆ ಮೇಲೆ ಕೂರುವ ತುದಿಯನ್ನು ಒಂದೊಂದಾಗಿ ಚುಚ್ಚುತ್ತಾ ಬಂದರು. ಕೊಳೆಯುವುದು ಅಲ್ಲಿಂದಲೇ ಜಾಸ್ತಿಯಂತೆ, ಗೋಡೆಯ ತೇವ ಅಲ್ಲಿ ಹಿಡಿಯುತ್ತದೆ. ಮುಂಭಾಗದಲ್ಲಿ ಮೊನೆ ಒಳಗೆ ಹೋಗಲೇ ಇಲ್ಲ. ಹಿಂಭಾಗದಲ್ಲಿ ಅರ್ಧ ಬೆರಳಷ್ಟು ಸೀದಾ ಹೋಯಿತು. ಗೋಡೆ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಬೇರೆ. ಕೆಳಗೆ ಬಿದ್ದ ಬಿಳಿ ಹುಡಿ ತೋರಿಸಿ, ರೀಪಿಗೆ ಕುಟ್ಟೆ (ಮರ ಕೊರೆಯುವ ಹುಳು) ಹಿಡಿದಿದೆ ಅಂದರು. ಅದನ್ನು ನಾನು ಧೂಳು ಅಂತ ಗುಡಿಸುತ್ತಿದ್ದೆ.

ಹೆಂಚಿನ ಪರೀಕ್ಷೆ ಕೊನೆಗೆ. ಬೆರಳ ಗೆಣ್ಣಿನಲ್ಲಿ ತಟ್ಟಿದರೆ ಗಟ್ಟಿ ಹೆಂಚು ಗಂಟೆಯ ಹಾಗೆ 'ಟಣ್' ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಸದ್ದು 'ದಬ್' ಅಂತ ಸತ್ತಿರುತ್ತದೆ. ಪದರ ಪದರ ಎದ್ದ ಹೆಂಚು, ಮಳೆಯಲ್ಲಿ ಒಳಮೈ ಪೂರ್ತಿ ಒದ್ದೆಯಾಗುವ ಹೆಂಚು ಇದ್ದರೆ ಅದರ ಕಾಲ ಮುಗಿಯಿತು ಅಂತಲೇ ಲೆಕ್ಕ. ಪಾಚಿ ಕಟ್ಟಿದ್ದು ತೊಳೆದರೆ ಆಯಿತು, ಆದರೆ ಹೆಂಚಿನ ಕಾಲುವೆಯಲ್ಲೇ ಪಾಚಿ ತುಂಬಿದರೆ ನೀರು ಪಕ್ಕಕ್ಕೆ ಹಾಯುತ್ತದೆ. ನಮ್ಮಲ್ಲಿ ಒಡೆದವುಗಳಲ್ಲಿ ಅರ್ಧಕ್ಕರ್ಧ ಮಂಗನ ಕೆಲಸ. ಅದಕ್ಕೆ ಯಾವ ಮೇಸ್ತ್ರಿಯ ಹತ್ತಿರವೂ ಔಷಧಿ ಇಲ್ಲ.

ಅವರ ತೀರ್ಪು ಹೀಗೆ: ಮುಂಭಾಗ ಇಳಿಸಿ, ತೊಳೆದು, ಒಡೆದಿದ್ದನ್ನು ಬದಲಾಯಿಸಿ ಮತ್ತೆ ಹೊದಿಸಿದರೆ ಸಾಕು. ದೋಣಿ ಹೊಸದು. ಹಿಂಭಾಗ ಮರ ಸಮೇತ ಪೂರ್ತಿ ತೆಗೆಯಬೇಕು. ಜಗುಲಿಗೆ ಮಾತ್ರ "ಶೀಟೇ ಹಾಕಿ" ಅಂದರು! ಜಗುಲಿಯನ್ನು ಆಮೇಲೆ ಮುಂದಕ್ಕೆ ಎಳೆದದ್ದು, ಇಳಿಜಾರು ಸಾಲದು. ಗಾಳಿ ಮಳೆಗೆ ನೀರು ಹೆಂಚಿನ ಅಡಿಗೆ ಹಿಮ್ಮುಖ ನುಗ್ಗುತ್ತದೆ, ಎಷ್ಟು ಒಳ್ಳೆಯ ಹೆಂಚು ಹಾಕಿದರೂ ಅಷ್ಟೇ. ಹೆಂಚಿನ ಕೆಲಸವನ್ನೇ ನಂಬಿದವರು ಹೀಗೆ ಹೇಳಿದ್ದು ನೋಡಿ ನನಗೆ ಅವರ ಮೇಲೆ ನಂಬಿಕೆ ಬಂತು.

ಹೊಸ ಹೆಂಚು ಹೊಂದಿಸುವುದೇ ದೊಡ್ಡ ತಲೆನೋವಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯಲ್ಲಿ ಬೇರೆ ಬೇರೆಯವರೂ ಹಾಕಿದರು. ಒಬ್ಬೊಬ್ಬರ ಅಚ್ಚೂ ಕೂದಲೆಳೆ ವ್ಯತ್ಯಾಸ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರದಿದ್ದರೆ ಅದೇ ಹೊಸ ಸೋರಿಕೆ. ಹೆಂಚು ಮಗುಚಿ ಬೆನ್ನಿನ ಮೇಲಿನ ಕಾರ್ಖಾನೆ ಹೆಸರು ಓದಿ, ಅದೇ ಹೆಸರಿನದ್ದು ಬೇಕು ಅಂತ ಹಟ ಹಿಡಿದರು. ಕೊನೆಗೆ ತೀರ್ಥಹಳ್ಳಿ ಕಡೆ ಕೆಡವಿದ ಮನೆಯೊಂದರಿಂದ ಅವರೇ ಹುಡುಕಿ ತರಿಸಿದರು. ನೂರು ಚದರಡಿಗೆ ಸುಮಾರು 150 ಹೆಂಚು ಬೇಕು. ಒಂದೊಂದು ಎರಡೂವರೆ ಕಿಲೋ ಆಸುಪಾಸು. ಆ ಭಾರ ನೆನೆಸಿಕೊಂಡರೆ ಕೊಳೆತ ಪಕಾಸಿ ಮೇಲೆ ಹೊಸ ಹೆಂಚು ಹೊದಿಸಲು ಅವರು ಯಾಕೆ ಒಪ್ಪಲಿಲ್ಲ ಅಂತ ಗೊತ್ತಾಗುತ್ತದೆ.

ಖರ್ಚು? ಶೀಟಿನವರು ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಮಳೆ ಹೋದ ಸಲದ ಆರಿದ್ರಾದಲ್ಲಿ ಚೆನ್ನಾಗಿಯೇ ಹೊಡೆಯಿತು. ದೇವರ ಕೋಣೆ ಗೋಡೆ ಒಣಗಿತ್ತು, ಊಟದ ಮನೆಯಲ್ಲಿ ಪಾತ್ರೆ ಇಡಬೇಕಾಗಲಿಲ್ಲ. ಜಗುಲಿಯಲ್ಲಿ ಸೋರುವುದಿಲ್ಲ, ಆದರೆ ಶೀಟಿನ ಸದ್ದಿಗೆ ಫೋನಲ್ಲಿ ಮಾತಾಡಲು ಆಗುವುದಿಲ್ಲ.

ಇನ್ನು ದೂರುಗಳು. ಶಿವರಾತ್ರಿ ಕಳೆದ ಕೂಡಲೇ ಬರುತ್ತೇನೆ ಅಂದವರು ಮೇ ಅರ್ಧ ಕಳೆದ ಮೇಲೆ ಬಂದರು. ಹೆಂಚು ಇಳಿಸಿದ್ದಾಗಲೇ ಒಂದು ಸಂಜೆ ಮೋಡ ಕಟ್ಟಿ, ಟಾರ್ಪಲ್ ಎಳೆಯಲು ಊರವರನ್ನೆಲ್ಲ ಕರೆಯಬೇಕಾಯಿತು. ಒಡೆದ ಹೆಂಚಿನ ಚೂರನ್ನು ಅತ್ತೆಯ ಸೇವಂತಿಗೆ ಪಾತಿಗೇ ಸುರಿದು ಹೋದರು, ಅತ್ತೆ ಇನ್ನೂ ಮರೆತಿಲ್ಲ. ನೆತ್ತಿಯ ಗಾರೆ ಮೊದಲ ಮಳೆಗೇ ಎರಡು ಕಡೆ ಸೀಳಿತು. ಫೋನ್ ಮಾಡಿದರೆ "ಮಳೆಲಿ ಮುಟ್ಬಾರ್ದಮ್ಮ" ಅಂದರು. ದೀಪಾವಳಿ ಆದ ಮೇಲೆ ಬಂದು ಸರಿಮಾಡಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಕರೆಸುವುದಾದರೆ ಅಡಿಕೆ ಕೊಯ್ಲು ಮುಗಿಯುವ ಮೊದಲೇ ಹೇಳಿಟ್ಟಿರಿ, ಆಮೇಲೆ ಸಿಗುವುದಿಲ್ಲ. ಟಾರ್ಪಲ್ ನೀವೇ ತಂದಿಟ್ಟುಕೊಳ್ಳಿ. ಬಿಲ್ಲು, ರಸೀದಿ ಅಂತ ಏನೂ ಕೊಡುವುದಿಲ್ಲ, ಎಲ್ಲಾ ಡೈರಿಯ ಹಾಳೆಯಲ್ಲಿ ಪೆನ್ಸಿಲ್ ಲೆಕ್ಕ. ಸಾಲ ತೆಗೆದು ಮಾಡಿಸುವವರು ಬ್ಯಾಂಕಿಗೆ ಏನು ತೋರಿಸುವುದು ಅಂತ ಮೊದಲೇ ವಿಚಾರಿಸಿಕೊಳ್ಳಿ.