ನಾಲ್ಕು ವರ್ಷ, 11,400 ಕಿಲೋಮೀಟರ್: ವಿಜಯಪುರದ ರಸ್ತೆಯಲ್ಲಿ ನನ್ನ 7 ಗೇರಿನ ಸೈಕಲ್

2021ರ ಜನವರಿಯಲ್ಲಿ ಈ ಸೈಕಲ್ ತಗೊಂಡೆ. ಆಗಿನ ಬೆಲೆ 14,500 ರೂಪಾಯಿ. ಸ್ಟೀಲ್ ಫ್ರೇಮ್, ಹಿಂದೆ 7 ಗೇರ್, ರಿಮ್ ಬ್ರೇಕ್, 700 ಸೈಜಿನ ಗಾಲಿ (26 ಇಂಚಿನದಕ್ಕಿಂತ ತುಸು ದೊಡ್ಡದು). ನಡುವಿನ ಪೈಪು ಕೆಳಗೆ ಬಾಗಿರುವುದರಿಂದ ಚೂಡಿದಾರದಲ್ಲಿ ಹತ್ತಿ ಇಳಿಯಲು ಆರಾಮ. ನಮ್ಮ ಮನೆ ಗೋಳಗುಮ್ಮಟದ ಹತ್ತಿರ. ನಾನು ಕಲಿಸುವ ಹೈಸ್ಕೂಲು ಊರಿನ ಇನ್ನೊಂದು ತುದಿ ದಾಟಿ, ತೊರವಿ ಕಡೆ. ಒಂದು ಸಲಕ್ಕೆ 8 ಕಿಲೋಮೀಟರ್. ಗಾಂಧಿ ಚೌಕದ ಗದ್ದಲ ದಾಟಿ, ಇಬ್ರಾಹಿಂ ರೋಜಾ ಹಿಂದೆ ಬಿಟ್ಟು, ಅಥಣಿ ರಸ್ತೆ ಹಿಡಿಯುತ್ತೇನೆ. ವಾರದಲ್ಲಿ ಮೂರ್ನಾಲ್ಕು ದಿನ ಸೈಕಲ್, ಉಳಿದ ದಿನ ಬಸ್ಸು.

ತಗೊಳ್ಳುವಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ನಮ್ಮೂರಾಗ ಏರ ಎಲ್ಲಿ ಐತಿ? ಗೇರ್ ಯಾಕ ಬೇಕು?" ನಿಜ, ವಿಜಯಪುರ ತಟ್ಟೆಯ ಹಾಗೆ ಸಪಾಟು. ಆದರೆ ಜೂನ್ ತಿಂಗಳಲ್ಲಿ ಅಥಣಿ ರಸ್ತೆಗೆ ಬಂದು ನೋಡಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ನಾನು ಹೋಗುವುದೂ ಪಡುವಣಕ್ಕೆ. ರಸ್ತೆ ಪಕ್ಕ ಬಯಲು, ತಡೆಯಲು ಒಂದು ಗುಡ್ಡ ಇಲ್ಲ. ಆಷಾಢದಲ್ಲಂತೂ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದ ಹಾಗಾಗುತ್ತದೆ. ಆಗ ಹಿಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ ಇಳಿಸಿ, ಸುಮ್ನೆ ಸಣ್ಣಗೆ ತುಳಿಯುತ್ತಾ ಹೋಗುತ್ತೇನೆ. ಗೇರಿಲ್ಲದ ಸೈಕಲ್ಲಾಗಿದ್ದರೆ ಮೊದಲ ಆಷಾಢಕ್ಕೇ ಮೂಲೆಗೆ ನಿಲ್ಲಿಸುತ್ತಿದ್ದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ಆ ದಿನಗಳಲ್ಲಿ ಶಾಲೆ ತಲುಪುವುದು ಹತ್ತು ನಿಮಿಷ ಮುಂಚೆ. ಬಯಲುಸೀಮೆಯವರು ಗೇರ್ ಕೊಳ್ಳಬೇಕಾಗಿರುವುದು ಗಾಳಿಗೋಸ್ಕರ. ಇದನ್ನು ಯಾವ ಅಂಗಡಿಯವರೂ ನನಗೆ ಹೇಳಲಿಲ್ಲ.

ಅಂಗಡಿಯವರು ಹೇಳದಿದ್ದ ಇನ್ನೂ ಒಂದು ವಿಷಯವಿದೆ. ಮೊದಲ ಆರು ತಿಂಗಳು ಮೊಣಕಾಲು ನೋವು ಬಿಡಲಿಲ್ಲ. ಸೈಕಲ್ಲೇ ನನಗೆ ಒಗ್ಗಲಿಲ್ಲ ಅಂದುಕೊಂಡು ಮಾರುವ ಯೋಚನೆಯನ್ನೂ ಮಾಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ಸೊಲ್ಲಾಪುರ ರಸ್ತೆಯಲ್ಲಿ ಚಹಾ ಕುಡಿಯಲು ನಿಂತಿದ್ದೆ. ಅಲ್ಲಿಗೆ ನಾಲ್ಕು ಹುಡುಗರು ರೇಸ್ ಸೈಕಲ್ಲಿನಲ್ಲಿ ಬಂದರು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದು ಹೊಸದಲ್ಲ. ಇಲ್ಲಿ ಕ್ರೀಡಾ ಇಲಾಖೆಯ ಹಾಸ್ಟೆಲ್‌ನಲ್ಲಿ ಸೈಕ್ಲಿಂಗ್ ಕಲಿಸುತ್ತಾರೆ, ಇಲ್ಲಿನ ಮಕ್ಕಳು ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋಗಿ ಪದಕ ತಂದಿದ್ದಾರೆ. ಹೊಲದಲ್ಲಿ ದುಡಿಯುವವರ ಮಕ್ಕಳೇ ಜಾಸ್ತಿ. ಅವರಲ್ಲೊಬ್ಬ ನನ್ನ ಸೈಕಲ್ ನೋಡಿ, ಸ್ವಲ್ಪ ನಾಚಿಕೊಂಡೇ ಹೇಳಿದ.

"ಅಕ್ಕಾರ, ನಿಮ್ಮ ಸೀಟ್ ಭಾಳ ಕೆಳಗ ಐತ್ರಿ. ಮೊಣಕಾಲ ನೋಯಸ್ತಾವಲ್ರಿ?"

ನಾನು ಹೌದಪ್ಪಾ ಅಂದೆ. ಸೈಕಲ್ಲನ್ನು ಗೋಡೆಗೆ ಆನಿಸಿ ನನ್ನನ್ನು ಮೇಲೆ ಕೂರಿಸಿದ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗಿನವರೆಗೂ ತುಳಿಯಲು ಹೇಳಿದ. ಆಗ ಕಾಲು ಪೂರ್ತಿ ನೆಟ್ಟಗಾಗಬೇಕು, ಅದೇ ಅಳತೆ. ಸೀಟು ಮೂರು ಬೆರಳು ಮೇಲೆ ಬಂತು. ಸಿಗ್ನಲ್ಲಿನಲ್ಲಿ ಎರಡೂ ಪಾದ ನೆಲಕ್ಕೆ ತಾಗುವುದಿಲ್ಲವಲ್ಲ ಎಂದು ಹೆದರಿದೆ. ನಿಲ್ಲುವಾಗ ಸೀಟು ಬಿಟ್ಟು ಮುಂದಕ್ಕಿಳಿದು ಒಂದು ಕಾಲು ಊರುವುದನ್ನು ಅವನೇ ಮೂರು ಸಲ ಮಾಡಿ ತೋರಿಸಿದ. ಎರಡು ವಾರಕ್ಕೆ ನೋವು ಹೋಯಿತು, ಮತ್ತೆ ಬಂದಿಲ್ಲ. 14,500 ಕೊಟ್ಟ ಅಂಗಡಿಯಲ್ಲಿ ಸಿಗದ ಎರಡು ನಿಮಿಷ ನನಗೆ ಚಹಾ ಅಂಗಡಿ ಮುಂದೆ ಸಿಕ್ಕಿತು. ಆ ಹುಡುಗನ ಮೇಲೆ ಇಂದಿಗೂ ನನಗೆ ಅಭಿಮಾನ.

ಇನ್ನು ಪಂಚರ್. ನಾಲ್ಕು ವರ್ಷದಲ್ಲಿ ಅರವತ್ತರ ಹತ್ತಿರ ಆಗಿರಬೇಕು. ಅರ್ಧಕ್ಕಿಂತ ಜಾಸ್ತಿ ನೆಗ್ಗಿಲು ಮುಳ್ಳಿನಿಂದ, ಉಳಿದದ್ದು ಜಾಲಿ. ಸೈಕಲ್ಲಿಗಿಂತ ಇಲ್ಲಿ ತಪ್ಪು ಗಾಲಿಯ ಸೈಜಿನದು. 26 ಇಂಚಿನ ಟ್ಯೂಬು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. 700ರದು ಬೇಕೆಂದರೆ ಊರಿನ ಒಂದೆರಡು ದೊಡ್ಡ ಅಂಗಡಿಗೇ ಹೋಗಬೇಕು, ಅಲ್ಲೂ ಒಮ್ಮೊಮ್ಮೆ "ಮುಂದಿನ ವಾರ ಬರ್ರಿ" ಅನ್ನುತ್ತಾರೆ. ಒಂದು ಸಮಾಧಾನ ಅಂದರೆ ನನ್ನ ಟ್ಯೂಬಿಗೆ ಗಾಳಿ ತುಂಬುವ ವಾಲ್ವ್ ಮೋಟಾರ್ ಬೈಕಿನ ಥರದ್ದು. ಯಾವ ಪಂಚರ್ ಅಂಗಡಿಯಲ್ಲೂ ಗಾಳಿ ಹಾಕಿಸಬಹುದು. ಕೊಳ್ಳುವಾಗ ಇದನ್ನು ನೋಡಿಕೊಳ್ಳಿ.

ನಾನು ಹೋಗುವ ಮಿಸ್ತ್ರಿ ಚಾಚಾ ಒಂದು ಉಪಾಯ ಮಾಡಿಕೊಟ್ಟರು. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ಟೈರಿನ ಒಳಗೆ ಹಾಸಿ, ಅದರ ಮೇಲೆ ಹೊಸ ಟ್ಯೂಬು ಕೂರಿಸಿದರು. ಗಾಡಿ ಸ್ವಲ್ಪ ಭಾರ ಅನಿಸುತ್ತದೆ, ಆದರೆ ಆಮೇಲೆ ಪಂಚರ್ ತಿಂಗಳಿಗೊಂದೂ ಇಲ್ಲ. ಪ್ಯಾಚ್ ಹಾಕುವ ಮೊದಲು ಅವರು ಟೈರಿನ ಒಳಗೆ ಹತ್ತಿ ಬಟ್ಟೆ ಸವರುತ್ತಾರೆ. ಮುಳ್ಳಿನ ತುದಿ ಉಳಿದಿದ್ದರೆ ಬಟ್ಟೆಯ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೊದಲೆಲ್ಲ ನನಗೆ ಮರುದಿನವೇ ಮತ್ತೆ ಪಂಚರ್ ಆಗುತ್ತಿದ್ದುದು ಯಾಕೆಂದು ಅವತ್ತು ತಿಳಿಯಿತು.

ಹಿಂದಿನ ಗಾಲಿಯ ಸ್ಪೋಕು ಐದು ಸಲ ಮುರಿದಿದೆ. ಕ್ಯಾರಿಯರ್ ಮೇಲೆ ಎರಡು ತರಗತಿಯ ನೋಟ್‌ಬುಕ್ ಕಟ್ಟಿಕೊಂಡು ಹಂಪ್ ಮೇಲೆ ಹಾರಿಸಿದರೆ ಮತ್ತೇನಾಗುತ್ತದೆ, ಅಲ್ವಾ? ಚಾಚಾ ಗಾಲಿ ತಿರುಗಿಸಿ, ರಿಮ್ಮಿನ ಹತ್ತಿರ ಹೆಬ್ಬೆರಳು ಹಿಡಿದು, ಎಲ್ಲಿ ತಾಗುತ್ತದೆ ಎಂದು ನೋಡುತ್ತಾರೆ. ಆಮೇಲೆ ಒಂದೊಂದೇ ಸ್ಪೋಕನ್ನು ಏಕತಾರಿಯ ತಂತಿಯ ಹಾಗೆ ಮೀಟುತ್ತಾರೆ. ಸಡಿಲವಾದದ್ದು ದಪ್ಪ ದನಿ ಕೊಡುತ್ತದೆ. ರಿಮ್ಮಿನ ಬಳಿ ಅದನ್ನು ಬಿಗಿ ಮಾಡುವ ನಿಪ್ಪಲ್ಲನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಮೀಟುತ್ತಾರೆ. ಅವರು ಬೆಂಡ್ ತೆಗೆದ ಗಾಲಿ ಆರು ತಿಂಗಳು ಅಲುಗಾಡುವುದಿಲ್ಲ. ಕೊಂಡ ಅಂಗಡಿಯ ಉಚಿತ ಸರ್ವಿಸ್‌ನಲ್ಲಿ ಗೇರನ್ನೇ ಸರಿಯಾಗಿ ಕೂರಿಸದೆ, ಚೈನು ಬಿದ್ದು ನಾನು ಬಸವಳಿದಿದ್ದೆ.

ಮಳೆಗಾಲಕ್ಕೆ ಒಂದು ಮಾತು. ಶಾಲೆಗೆ ಹೋಗುವ ಕೊನೆಯ 300 ಮೀಟರ್ ಎರೆಮಣ್ಣಿನ ದಾರಿ. ಒಂದು ಹದ ಮಳೆ ಬಿದ್ದರೆ ಸಾಕು, ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ತಿರುಗುವುದೇ ಇಲ್ಲ. ತಳ್ಳಲೂ ಆಗದು, ಎತ್ತಲೂ ಆಗದು, 16 ಕಿಲೋ ತೂಕ. ಈಗ ಡಾಂಬರು ಮುಗಿಯುವಲ್ಲಿ ಪರಿಚಯದವರ ಮನೆಯಂಗಳದಲ್ಲಿ ನಿಲ್ಲಿಸಿ ನಡೆಯುತ್ತೇನೆ.

ಸೈಕಲ್ಲಿನ ಬೆಲೆ ಬಿಟ್ಟು ಖರ್ಚು ನಾಲ್ಕು ವರ್ಷಕ್ಕೆ ಎಲ್ಲ ಸೇರಿ 9,700 ರೂಪಾಯಿ. ಇದರಲ್ಲಿ ಫ್ರೀವೀಲ್, ಅಂದರೆ ಹಿಂದಿನ ಹಲ್ಲಿನ ಚಕ್ರಗಳ ಕಟ್ಟು, ಬದಲಿಸಿದ ದುಡ್ಡು ನಾನು ಉಳಿಸಬಹುದಿತ್ತು. ಸವೆದ ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಅದು ಫ್ರೀವೀಲಿನ ಹಲ್ಲನ್ನೂ ತಿಂದುಬಿಡುತ್ತದೆ.

2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. ಕೊರೊನಾ ಹೊತ್ತಿಗೆ ಅದು ನಿಂತಿತು. ನಮ್ಮ ಶಾಲೆಯಲ್ಲಿ ಅಕ್ಕಂದಿರ ಹಳೇ ಸೈಕಲ್ ಈಗ ತಂಗಿಯರ ಕೈಗೆ ಬಂದಿದೆ, ಬ್ರೇಕಿಲ್ಲದವೂ ಇವೆ. ಹೋದ ವರ್ಷದಿಂದ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಮಕ್ಕಳ ಸೈಕಲ್ಲಿಗೆ ಬ್ರೇಕ್ ಬಿಗಿ ಮಾಡಿ, ಸೀಟು ಎತ್ತರಿಸಿಕೊಡುತ್ತೇನೆ. ಹಿಮ್ಮಡಿಯ ಅಳತೆ ಈಗ ಅವರಿಗೆಲ್ಲ ಬಾಯಿಪಾಠ. ಸೈಕಲ್ ಬಿಟ್ಟಿದ್ದ ಇಬ್ಬರು ಹುಡುಗಿಯರು ಮತ್ತೆ ತುಳಿದುಕೊಂಡು ಬರುತ್ತಿದ್ದಾರೆ.

ಮತ್ತೆ ಕೊಳ್ಳುತ್ತೇನಾ? ಇದೇ ಮಾದರಿಯನ್ನು ಕೊಳ್ಳುತ್ತೇನೆ, ಆದರೆ 26 ಇಂಚಿನ ಗಾಲಿ ಇದ್ದರೆ ಮಾತ್ರ. ಭಾನುವಾರದ ಸೈಕಲ್ ಸವಾರಿಗೆ ಈಗ ನಾವು ಐದು ಜನ ಹೆಂಗಸರಿದ್ದೇವೆ. ಈ ಸಲ ಸಿಂದಗಿ ರಸ್ತೆಯಲ್ಲಿ ಕುಮಟಗಿಗೆ ಹೊರಟಿದ್ದೇವೆ, ಆದಿಲ್‌ಶಾಹಿ ಕಾಲದ ನೀರಿನ ಮಹಲು ನೋಡಿ ಬಿಸಿಲೇರುವ ಮೊದಲು ವಾಪಸ್. ಬೆಳಿಗ್ಗೆ ಐದೂವರೆಗೆ ಸಿದ್ಧೇಶ್ವರ ಗುಡಿ ಮುಂದೆ ಇರುತ್ತೇವೆ. ಬರುವವರು ಬನ್ನಿ, 700ರ ಗಾಲಿಯಾದರೆ ಟ್ಯೂಬು ನಿಮ್ಮದೇ ತನ್ನಿ.